ಹೊಸಕೋಟೆಯವಳ ಹೆಸರು

ವನಗೂರು ಕಡೆಯ ಕಾಫಿ ಎಸ್ಟೇಟಿಗೆ ಗಂಗಾಮಣಿ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿತು. ಲೈನಿನವರಿಗೆ, ಅಂದರೆ ಆಳುಗಳ ಸಾಲುಮನೆಯವರಿಗೆ, ಆಕೆ ಇಂದಿಗೂ 'ಹೊಸಕೋಟೆಯೋಳು'. ತವರಾದ ಕೆ. ಹೊಸಕೋಟೆಗೆ ಹೋದರೆ ಅಲ್ಲಿಯವರು 'ವನಗೂರೋಳು ಬಂದ್ಲು' ಎನ್ನುತ್ತಾರೆ. ಅಪ್ಪ ಇಟ್ಟ ಹೆಸರು ಉಡದೆ ಇಟ್ಟ ರೇಷ್ಮೆ ಸೀರೆಯಂತೆ ಹೊಸದಾಗಿಯೇ ಉಳಿದಿತ್ತು.

ವಯಸ್ಕರ ಶಿಕ್ಷಣದ ಸಂಜೆ ಕ್ಲಾಸಿಗೆ ಆಕೆ ಸೇರಿದ್ದು ಅಕ್ಷರದ ಆಸೆಗಲ್ಲ, ಹಾಜರಿಯ ಆಸೆಗೆ. ಟೀಚರ್ ಶ್ವೇತಾ 'ಗಂಗಾಮಣಿ' ಎಂದು ಕೂಗಿದರೆ ಜೋರಾಗಿ 'ಬಂದಿವ್ನಿ ಟೀಚರ್' ಎನ್ನಬಹುದಲ್ಲ! ಓದು ಬಂದದ್ದು ಕೊಸರು.

ಅಲ್ಲಿಗೊಮ್ಮೆ ತನುಜಾ ಎಂಬ ಸಂಶೋಧಕಿ ಬಂದಳು. ವಯಸ್ಕ ಕಲಿಕಾರ್ಥಿಗಳ ಅಸ್ಮಿತೆ ಅವಳ ವಿಷಯ. ಹಾಗೆಂದರೇನು ಎಂದು ಗಂಗಾಮಣಿ ಕೇಳಿದಳು.

"ನೀವು ಯಾರು, ಎಲ್ಲಿಗೆ ಸೇರಿದವರು ಅನ್ನೋದು ಅಮ್ಮ. ನಿಮ್ಮ ಕಥೆ ನೀವೇ ಹೇಳಿ. ನಿಮ್ಮ ಬದುಕಿಗೆ ನೀವೇ ರೈಟರ್."

ತನುಜಾ ಹೇಳಿದ್ದು ಲೇಖಕಿ ಎಂಬ ಅರ್ಥದಲ್ಲಿ. ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಹಾಕಿ, ಗದರಿ, ಸರಿಯಾಗದ ಕೆಲಸವನ್ನು ಮತ್ತೆ ಮಾಡಿಸುವವನು. ಗಂಗಾಮಣಿ ತಡಮಾಡದೆ ಅಧಿಕಾರ ವಹಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ತನುಜಾ ಬರೆದದ್ದನ್ನೆಲ್ಲ ತಪಾಸಣೆ ಮಾಡಿದಳು.

"'ನೊಂದ ಜೀವ' ಅಂತ ಯಾಕ್ ಹಾಕಿದ್ರಿ? ನಾನೆಲ್ಲಿ ನೊಂದಿವ್ನಿ? ತೆಗೀರಿ ಅದ್ನ! ನನ್ನೆಸ್ರು ಮೇಲ್ಗಡೆ ದಪ್ಪಕ್ ಬರೀರಿ."

ಪಿಎಚ್‌.ಡಿ.ಯ ಆಸೆಗೆ ತನುಜಾ ಬೈಸಿಕೊಂಡೇ ಬರೆದಳು. ಗಂಗಾಮಣಿ ಶ್ವೇತಾಳಿಗೆ ಗುಟ್ಟು ಹೇಳಿದಳು: "ಪುಸ್ತಕದಾಗೆ ಬಂದ್ಬುಟ್ರೆ ಲೈನ್ನೋರೆಲ್ಲ ನನ್ನ ಹೆಸ್ರಿಡ್ದೇ ಕರೀಬೇಕು ಕಣ್ರೀ ಟೀಚರ್."

ಮರುವರ್ಷ ಪುಸ್ತಕ ಹಿಡಿದು ತನುಜಾ ಖುದ್ದಾಗಿ ಬಂದಳು. ಗಂಗಾಮಣಿ ಬೆರಳಿಟ್ಟು ಕೂಡಿಸಿಕೊಂಡು ಓದಿದಳು. ಕಥೆ ತನ್ನದೇ, ಒಂದಕ್ಷರವೂ ತಪ್ಪಿಲ್ಲ. ಮೇಲೆ ಮಾತ್ರ ದಪ್ಪಗೆ 'ದೇವೀರಮ್ಮ' ಎಂದಿತ್ತು.

"ಇದ್ಯಾರವ್ವ?"

"ನೀವೇ ಅಮ್ಮ! ನಿಮ್ಮ ಗುರುತು ಯಾರಿಗೂ ಗೊತ್ತಾಗಬಾರದಲ್ವಾ, ಅದಕ್ಕೇ ಹೆಸರು ಬದಲಾಯಿಸಿದ್ದು. ಸಂಶೋಧನೆಯ ನಿಯಮ. ಅವತ್ತೇ ಹೇಳಿದ್ದೆನಲ್ಲ?"

ಹೇಳಿದ್ದಳೇನೋ, ಅಧಿಕಾರದ ಅಮಲಿನಲ್ಲಿದ್ದ ರೈಟರಮ್ಮನಿಗೆ ಕೇಳಿಸಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

"ಇಷ್ಟ್ ದಿನ ಮಾತ್ರ ಯಾರಿಗ್ ಗೊತ್ತಿತ್ತವ್ವ?" ಎಂದಳು ಗಂಗಾಮಣಿ. ಬಂದವಳಿಗೆ ಕಾಫಿ ಕೊಟ್ಟು ಕಳಿಸಿದಳು.

ತನುಜಾ ಬಂದಿದ್ದ ಜೀಪು ಮರೆಯಾಗುತ್ತಲೇ ಪಕ್ಕದ ಮನೆಯ ಪಂಕಜಾಕ್ಷಿ ಓಡಿ ಬಂದಳು. "ನಿನ್ ಕಥೆ ಬಂದೈತಂತಲ್ಲೇ ಹೊಸಕೋಟೆಯೋಳೇ, ಎಲ್ಲಿ ತೋರ್ಸು!"

"ನಂದಲ್ಲ ಕಣೇ," ಎಂದಳು ಗಂಗಾಮಣಿ. "ಯಾರೋ ದೇವೀರಮ್ಮಂದಂತೆ. ಪುಣ್ಯವಂತೆ, ಅವಳೆಸ್ರು ಊರ್ಗೆಲ್ಲ ಗೊತ್ತಾಯ್ತು."