ದೀಪ ಹೋಗದ ಕೋಣೆ

ನಮ್ಮ ಅತ್ತೆಯ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಹಸಿರಾಗಿರುತ್ತಿತ್ತು. ಬೂದಿ ಹಾಕಿ ತಿಕ್ಕಿದರೂ ಹೋಗದ ಹಸಿರು. ಮದುವೆಯಾದ ಹೊಸದರಲ್ಲಿ, ಆ ಬೆರಳಿನ ಬಣ್ಣ ರೊಟ್ಟಿಗೆ ಹತ್ತುತ್ತದೇನೋ ಎಂದು ಅವರು ರೊಟ್ಟಿ ಬಡಿಯುವಾಗ ಕದ್ದು ಕದ್ದು ನೋಡುತ್ತಿದ್ದೆ. ಬಣ್ಣ ಹತ್ತುತ್ತಿರಲಿಲ್ಲ. ಆದರೆ ಅವರು ಬಡಿಸಲು ಬಗ್ಗಿದಾಗ ಸೇವಂತಿ ಎಲೆಯ ಖಾರವಾದ ವಾಸನೆ ತಾಟಿನ ಮೇಲೆ ಸುಳಿದು ಹೋಗುತ್ತಿತ್ತು.

ನಾನು ಬೀದರಿನ ಮಗ್ಗುಲಲ್ಲಿರುವ ಮೈಲೂರಿನವಳು. ಅವರು ಔರಾದ ಕಡೆಯ ಚಿಂತಾಕಿಯವರು. ಇಬ್ಬರೂ ಸೊಸೆಯಾಗಿ ಬಂದು ಸೇರಿದ್ದು ಭಾಲ್ಕಿಯ ಒಂದು ಮಣ್ಣಿನ ಮನೆಗೆ. ನಾನು ಬರುವ ಹೊತ್ತಿಗೆ ಅತ್ತೆ ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿದ್ದದ್ದು ಅತ್ತೆ, ಅವರ ಒಬ್ಬನೇ ಮಗ, ಅಂದರೆ ನಮ್ಮ ಮನೆಯವರು, ನಾನು, ದನಗಳು, ಮತ್ತು ಒಡಕು ಗಡಿಗೆ, ಹಳೆಯ ಎಣ್ಣೆ ಡಬ್ಬಿಗಳಲ್ಲಿ ಬೆಳೆದ ಸೇವಂತಿ ಗಿಡಗಳು.

ಆ ಗಿಡಗಳ ಕಥೆ ಶುರುವಾದದ್ದೇ ದನಗಳಿಂದ. ಕೊಟ್ಟಿಗೆಗೆ ಹೋಗಬೇಕಾದರೆ ದನ ಅಂಗಳ ದಾಟಿಯೇ ಹೋಗಬೇಕು. ಹೋಗುವಾಗ ಸೇವಂತಿಗೆ ಒಂದು ಬಾಯಿ ಹಾಕಿಯೇ ಹೋಗುತ್ತಿದ್ದವು. ಬೇಸತ್ತ ಅತ್ತೆ ಒಂದು ಮಳೆಗಾಲದಲ್ಲಿ, ದನ ಬರುವ ಮುಂಚೆ ಗಿಡಗಳನ್ನೆಲ್ಲ ಕಾಳಿನ ಕೋಣೆಗೆ ಸೇರಿಸಿ ಬಾಗಿಲು ಹಾಕತೊಡಗಿದರು. ಬೆಳಿಗ್ಗೆ ದನ ಮೇಯಲು ಹೋದ ಮೇಲೆ ಮತ್ತೆ ಬಿಸಿಲಿಗೆ ತರುವುದು. ಆ ಕೋಣೆಗೆ ಕಿಟಕಿಯಿಲ್ಲ. ಊರಿನ ಸೇವಂತಿ ಅರಳುವುದು ಕಾರ್ತಿಕಕ್ಕೆ. ಅತ್ತೆಯ ಸೇವಂತಿ ಆ ವರ್ಷ ಭಾದ್ರಪದದಲ್ಲೇ ಅರಳಿ ನಿಂತಿತು! ಓಣಿಯವರೆಲ್ಲ ಬಂದು ನೋಡಿ ಹೋದರಂತೆ. ಗಿಡಕ್ಕೆ ಬೇಕಾದದ್ದು ಕತ್ತಲು ಎಂದು ಅತ್ತೆ ಅಂದಾಜು ಮಾಡಿದ್ದು ಆಗಲೇ.

ಅಲ್ಲಿಂದ ಮುಂದೆ ಸೇವಂತಿ ಒಳಗಿದ್ದಾಗ ಆ ಕೋಣೆಗೆ ದೀಪ ಒಯ್ಯುವಂತಿಲ್ಲ. ಜೋಳ ಬೇಕಾದರೆ ಹಗಲಲ್ಲೇ ತೆಗೆದಿಟ್ಟುಕೊಳ್ಳಬೇಕು. ಒಮ್ಮೆ ಚಿಂತಾಕಿಯಿಂದ ಬಂದ ಅವರ ಅಣ್ಣ, ಅಲ್ಲಿಟ್ಟಿದ್ದ ತಂಬಾಕಿನ ಚೀಲ ಹುಡುಕಲು ಚಿಮಣಿ ಹಿಡಿದು ಒಳಗೆ ಹೋಗಿಬಿಟ್ಟರು. ಹೊಸದಾಗಿ ಬಂದ ಬೀಗರಿಗಿಂತ ಹೆಚ್ಚು ಮರ್ಯಾದೆಯಿಂದ ಅವರಿಗೆ ಉಣ್ಣಲು ಹಾಕಿದರು ಅತ್ತೆ. ಆದರೆ ಅಣ್ಣ ಊರಿಗೆ ಹೊರಡುವತನಕ ಅವರೊಡನೆ ಒಂದು ಮಾತೂ ಆಡಲಿಲ್ಲ. ಪಾಪ, ಆ ಮುದುಕ ತಂಬಾಕಿನ ಚೀಲ ಅಲ್ಲೇ ಬಿಟ್ಟು ಹೋದರು.

ಮೊಗ್ಗು ಹೇಗಿದೆ ಎಂದು ನೋಡುವುದು ಹೇಗೆ ಹಾಗಾದರೆ? ಕೈಯಿಂದ. ಅತ್ತೆ ಸಂಜೆ ಕತ್ತಲಲ್ಲೇ ಒಳಗೆ ಹೋಗಿ, ಬಾಗಿಲು ಎಳೆದುಕೊಂಡು, ಗಿಡದಿಂದ ಗಿಡಕ್ಕೆ ಬೆರಳಾಡಿಸುತ್ತಿದ್ದರು. ನನಗೂ ಕಲಿಸಿದರು. "ಕಣ್ಣ ಹೊರಗಿಟ್ಟು ಬಾ, ಕೈ ಅಷ್ಟೇ ತಗೊಂಡು ಬಾ" ಎನ್ನುತ್ತಿದ್ದರು. ಬುಡದಿಂದ ಮೇಲೆ ಬರಬೇಕು, ಮೇಲಿಂದ ಕೆಳಗೆ ಎಳೆದರೆ ಮೊಗ್ಗು ಮುರಿಯುತ್ತದೆ. ಡಬ್ಬಿಯನ್ನು ತುಸು ಎತ್ತಿದರೆ ನೀರು ಬೇಕೋ ಬೇಡವೋ ತಿಳಿಯುತ್ತದೆ. ಮೊಗ್ಗು ಮೊದಲು ಜೋಳದ ಕಾಳು, ಆಮೇಲೆ ತೊಗರಿ, ಆಮೇಲೆ ಕಡಲೆ. ಕಡಲೆ ಆದಮೇಲೆ ತುದಿ ಮೆತ್ತಗಾಗಿ ಬಣ್ಣ ಕಟ್ಟಿದರೆ ದೀಪ ತಂದರೂ ಚಿಂತೆಯಿಲ್ಲ. ನನ್ನ ಗಂಡನೂ ಚಿಕ್ಕಂದಿನಿಂದ ಹೀಗೆ ಮೊಗ್ಗು ಮುಟ್ಟಿಯೇ ಬೆಳೆದವರು.

ಮೊದಲ ಹೂವು ಅತ್ತೆಯ ಇಷ್ಟಲಿಂಗಕ್ಕೆ. ಉಳಿದದ್ದು ಓಣಿಯ ಹೆಣ್ಣುಮಕ್ಕಳ ತಲೆಗೆ. ಬಳೆ ಇಡಿಸಲು ಬರುತ್ತಿದ್ದ ಮುಸಲ್ಮಾನರ ಬಳೆಗಾರ್ತಿಗೂ ಕೊಡುತ್ತಿದ್ದರು. ತಾವು ಮಾತ್ರ ಮುಡಿಯುತ್ತಿರಲಿಲ್ಲ. ನಾನು ಒಮ್ಮೆ ಹಟ ಮಾಡಿ ಒಂದು ಹೂವು ಅವರ ತುರುಬಿಗೆ ಸಿಕ್ಕಿಸಲು ಹೋದೆ. ಕೈ ಹಿಡಿದು, ನಕ್ಕು, ಅದನ್ನು ನನ್ನ ತಲೆಗೇ ಇಟ್ಟರು.

ಹೈದರಾಬಾದ್ ಸಂಸ್ಥಾನದ ಕೊನೆಯ ವರ್ಷ ನಮ್ಮ ಮನೆಯವರು ಸರಹದ್ದಿನಾಚೆ ಸೊಲ್ಲಾಪುರ ಕಡೆಯ, ನಿಜಾಮನ ವಿರುದ್ಧ ಹೋರಾಡುವವರ ಒಂದು ಕ್ಯಾಂಪ್ ಸೇರಿದರು. ಅವರು ಅಲ್ಲಿದ್ದಾಗಲೇ ಅವರ ಜೀವದ ಗೆಳೆಯನನ್ನು, ಹಳ್ಳಿಗೆ ನುಗ್ಗಿದ ರಜಾಕಾರರ ಗುಂಪೊಂದು ಕೊಂದುಹಾಕಿತು. ಮಗ ತಿರುಗಿ ಬಂದ ದಿನ ಈ ಹೂವಿನಿಂದ ಲಿಂಗಪೂಜೆ ಮಾಡುತ್ತೇನೆ ಎಂದು ಅತ್ತೆ ಹರಕೆ ಹೊತ್ತು, ಮಳೆ ಹಿಡಿಯುವ ಹೊತ್ತಿಗೆ ಗಿಡಗಳನ್ನು ಕತ್ತಲೆಗೆ ಹಾಕಿದರು. ಆ ಸಲ ಒಂದೊಂದು ಮೊಗ್ಗನ್ನೂ ಎರಡೆರಡು ಸಲ ಮುಟ್ಟಿ ನೋಡುತ್ತಿದ್ದರು.

ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಯಿತು. ಅಲ್ಲಿಯತನಕ ನಮ್ಮ ಗಂಡಸರು ಓಡಿಹೋಗುತ್ತಿದ್ದರು, ಈಗ ಮುಸಲ್ಮಾನ ಗಂಡಸರು ಓಡಿದರು. ನಿನ್ನೆಯತನಕ ಹೆದರಿದವರು ಇಂದು ಹೆದರಿಸತೊಡಗಿದರು. ಸುತ್ತಲಿನ ಊರುಗಳಿಂದ ಬರುತ್ತಿದ್ದ ಸುದ್ದಿ ಹೇಳಲು ಬಾಯಿ ಬರುವುದಿಲ್ಲ. ಒಂದು ಮುಸ್ಸಂಜೆ ಬಳೆಗಾರ್ತಿ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಜೊತೆಗೆ ದಿನ ತುಂಬಿದ ಸೊಸೆ. ಮಗ ಎಲ್ಲಿದ್ದಾನೋ ಗೊತ್ತಿಲ್ಲ, ಓಣಿಯಲ್ಲಿ ಇರುವ ಹಾಗಿಲ್ಲ, ಇವಳನ್ನೊಬ್ಬಳನ್ನು ಉಳಿಸಿಕೊಳ್ಳಿರಿ ಎಂದಳು. ಅತ್ತೆ ಆ ಹುಡುಗಿಯ ಕೈ ಹಿಡಿದು ನೇರ ಕಾಳಿನ ಕೋಣೆಗೆ ಕರೆದುಕೊಂಡು ಹೋದರು. ಬಳೆಗಾರ್ತಿ ತನ್ನ ಮನೆ ಕಾಯುತ್ತೇನೆಂದು ಹಿಂದಿರುಗಿದಳು.

ದೀಪ ಹೋಗದ ಕೋಣೆ ಎಂದು ಊರಿಗೆಲ್ಲ ಗೊತ್ತಿದ್ದದ್ದೇ ಒಳ್ಳೆಯದಾಯಿತು. ಅಲ್ಲಿ ಯಾರಾದರೂ ಇರುತ್ತಾರೆಂದು ಯಾರೂ ನೆನೆಸಲಿಲ್ಲ. ಎಂದಿನಂತೆ ಸಂಜೆ ಎಲ್ಲರ ಕಣ್ಣೆದುರೇ ಗಿಡಗಳನ್ನು ಒಳಗೆ ತರುತ್ತಿದ್ದೆವು. ಅತ್ತೆ ಮೊಗ್ಗು ಮುಟ್ಟಿ, ಅದೇ ಕೈಯಿಂದ ಆ ಹುಡುಗಿಯ ಹಣೆ, ಹೊಟ್ಟೆ, ಪಾದ ಮುಟ್ಟಿ ನೋಡಿ ಬರುತ್ತಿದ್ದರು. ಮೊಗ್ಗು ಆಗ ತೊಗರಿ ದಾಟಿತ್ತು.

ಹುಡುಗಿಗೆ ನೋವು ಕಾಣಿಸಿಕೊಂಡದ್ದು ಗಿಡಗಳನ್ನು ಒಳಗಿಟ್ಟು ಬಾಗಿಲು ಹಾಕಿದ ಮೇಲೆ. ಅತ್ತೆ ಒಳಗಿನಿಂದ ಕೂಗಿ ಚಿಮಣಿ ತಾ ಎಂದರು. ನಾನು ತಂದೆ, ಆದರೆ ಹೊಸ್ತಿಲ ಹೊರಗೇ ನಿಂತುಬಿಟ್ಟೆ. ಹರಕೆಯ ಹೂವು!

"ಗಿಡ ಮುಂದಿನ ವರ್ಷಾನೂ ಅರಳ್ತಾವ" ಎಂದರು ಅತ್ತೆ. "ದೀಪ ಒಳಗ ತಾ ತಂಗಿ. ನನಗ ಈಗ ಕಾಣಬೇಕು."

ಹೆಣ್ಣು ಕೂಸು ಹುಟ್ಟಿತು. ಬಾಣಂತಿ ಇರುವ ಕೋಣೆಯಲ್ಲಿ ದೀಪ ಆರಿಸಬಾರದು ಎನ್ನುವುದು ನಮ್ಮ ಪದ್ಧತಿ. ರಾತ್ರಿ ಗಿಡಗಳನ್ನು ಹೊರಗೆ ಬಿಟ್ಟರೆ ಊರಿಗೆ ಅನುಮಾನ ಬರುತ್ತದೆ. ಹೀಗಾಗಿ ಹರಕೆಯ ಗಿಡಗಳು ಆ ತಾಯಿ ಮಗುವಿನ ಸುತ್ತ ಬೆಳಕಿನಲ್ಲೇ ನಿಂತುಕೊಂಡವು. ಬಾಗಿಲ ಸಂದಿಗೆ ಅತ್ತೆ ಒಂದು ಗೋಣಿ ತುರುಕಿದರು.

ಕೆಲವೇ ದಿನಕ್ಕೆ, ದನ ಬಂದ ಹೊತ್ತಿಗೇ, ನಮ್ಮ ಮನೆಯವರೂ ಬಂದರು. ಗಡ್ಡ ಬಿಟ್ಟು, ಸೊರಗಿ, ಕಣ್ಣು ಕೆಂಪಾಗಿ. ತಾಯಿಯ ಕಾಲು ಮುಟ್ಟಿ ಏಳುವಾಗ ಗೋಣಿಯ ಮೇಲೆ ಕಂಡ ಬೆಳಕಿನ ಗೆರೆ ಅವರ ಕಣ್ಣಿಗೆ ಬಿತ್ತು. ಆ ಮನೆಯಲ್ಲಿ ಹುಟ್ಟಿ ಬೆಳೆದವರು. ಅಷ್ಟೇ ಸಾಕಾಯಿತು.

"ಕಾಳಿನ ಕೋಣ್ಯಾಗ ದೀಪ ಯಾಕದ?" ಎಂದರು.

ಅತ್ತೆ ಸುಳ್ಳು ಹೇಳಲಿಲ್ಲ. ಬಳೆಗಾರರ ಸೊಸೆ ಇದ್ದಾಳೆ, ಹಡೆದಿದ್ದಾಳೆ ಎಂದರು. ನಾನು ನಮ್ಮ ಮನೆಯವರ ಮುಖ ನೋಡಿದೆ. ಅಂಥ ಮುಖ ನಾನು ಅವರಲ್ಲಿ ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

"ಅವರ ಮಂದಿ ನನ್ನ ಗೆಳ್ಯಾಗ ಏನ್ ಮಾಡ್ಯಾರ, ಗೊತ್ತದ ಏನು ನಿನಗ?"

"ಗೊತ್ತದ. ಈ ಹುಡುಗಿ ಮಾಡ್ಯಾಳೇನು?"

ಅತ್ತೆ ಬಾಗಿಲು ತೆರೆದು ಒಳಗೆ ಹೋದರು, ಆರಿಸಬಾರದ ಆ ದೀಪವನ್ನು ಊದಿ ಆರಿಸಿದರು. ಕತ್ತಲಲ್ಲಿ ಅವರ ದನಿ ಬಂತು. "ಈಗ ಬಾ. ಕೈಲೆ ನೋಡು."

ನಾನಾಗಿದ್ದರೆ ಹೋಗುತ್ತಿರಲಿಲ್ಲವೇನೋ. ಆದರೆ ಚಿಕ್ಕಂದಿನ ರೂಢಿ ದೊಡ್ಡದು, ಅವರು ಹೋದರು. ಎಲೆ ಸರಿದ ಸಪ್ಪಳ ಕೇಳಿಸಿತು. ಅತ್ತೆ ಮಗನ ಕೈ ಹಿಡಿದು ಗಿಡಗಳ ಆಚೆಗೆ ಒಯ್ದಿರಬೇಕು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಸಾವಕಾಶ" ಎಂದರು ಅತ್ತೆ, ಒಳಗಿನಿಂದ. "ನೆತ್ತಿ ಇನ್ನಾ ಕೂಡಿಲ್ಲ."

ನಮ್ಮ ಮನೆಯವರು ಹೊರಗೆ ಬಂದು ಹರಿವಿಯಿಂದ ಒಂದು ತಂಬಿಗೆ ನೀರು ತೆಗೆದು ಕುಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆಕಿ ಉಂಡಾಳೇನು?" ಎಂದು ಕೇಳಿದರು. ಅಷ್ಟು ತಿಂಗಳಾದ ಮೇಲೆ ಮನೆಗೆ ಬಂದ ಗಂಡ ಹೆಂಡತಿಯೊಡನೆ ಆಡಿದ ಮೊದಲ ಮಾತು ಅದು, ನೋಡಿ! ಆ ರಾತ್ರಿಯಿಂದ ಅವರು ಮಲಗಿದ್ದು ತಲಬಾಗಿಲಿಗೆ ಅಡ್ಡ ಹಾಸಿಕೊಂಡು. ಗಲಾಟೆ ತಣ್ಣಗಾದ ಮೇಲೆ ತಾವೇ ತಾಯಿ ಮಗುವನ್ನು ರೈಲಿನಲ್ಲಿ ಬೀದರಿಗೆ, ಆಕೆಯ ತವರಿಗೆ ಮುಟ್ಟಿಸಿ ಬಂದರು.

ಹೂವು ಆ ಸಲ ಊರಿನ ಹೂವಿನ ಜೊತೆಗೇ ಕಾರ್ತಿಕದಲ್ಲಿ ಅರಳಿತು. ಮಗ ಬಂದ ದಿನ ಲಿಂಗಕ್ಕೆ ಬರೀ ಬಿಲ್ವಪತ್ರಿ. ಹರಕೆ ತಪ್ಪಿತಲ್ಲ ಅತ್ತಿ ಎಂದರೆ, "ತಪ್ಪಿಲ್ಲ, ತಡ ಆಗ್ಯದ" ಎಂದು ರೊಟ್ಟಿ ಬಡಿಯತೊಡಗಿದರು.

ಅತ್ತೆ ಹೋದದ್ದು ಬಹಳ ವರ್ಷದ ಮೇಲೆ, ತುಂಬು ವಯಸ್ಸಿನಲ್ಲಿ, ನಿದ್ದೆಯಲ್ಲಿ. ಮಣ್ಣು ಮಾಡಿ ಬಂದು ಮಂದಿಯೆಲ್ಲ ಚದುರಿದ ಮೇಲೆ ನಮ್ಮ ಮನೆಯವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾನು ಚಹಾ ಒಯ್ದೆ. ಕ್ಯಾಂಪಿನಿಂದ ತಿರುಗಿ ಬಂದ ಆ ಸಂಜೆಯ ಬಗ್ಗೆ ಅಲ್ಲಿಯತನಕ ಅವರು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

"ಅವತ್ತ ನಾ ಮನಿಗಿ ಬಂದದ್ದು ಉಂಡು ಹೋಗಲಕ" ಎಂದರು. "ಕತ್ತಲಾದ ಮ್ಯಾಲ ಹುಡುಗೂರ ಕೂಡ ಬಳಿಗಾರ ಓಣಿಗಿ ಸೇಡು ತೀರ್ಸಲಕ ಹೋಗಾಂವ ಇದ್ದೆ. ಅವ್ವಗ ತಿಳೀತು."

ಹೇಗೆ ತಿಳಿಯಿತು ಎಂದು ಕೇಳಿದೆ.

"ಕೈ ಹಿಡದಿದ್ದಳಲ್ಲ" ಎಂದರು.

ನಮ್ಮ ಮನೆಯವರ ಅದೇ ಕೈ ನನ್ನ ಮಕ್ಕಳನ್ನೆಲ್ಲ ಎತ್ತಿ ಆಡಿಸಿತ್ತು. ನನಗೆ ಜ್ವರ ಬಂದಾಗ ಗಂಜಿ ಕುಡಿಸಿತ್ತು. ಆ ಸಂಜೆ ಅದು ಬಳೆಗಾರರ ಓಣಿಯ ಕಡೆಗೆ ಹೋಗಿದ್ದರೆ, ಆ ಕೈಯಿಂದ ನಾನು ಒಂದು ಲೋಟ ನೀರನ್ನೂ ಇಸಿದುಕೊಳ್ಳುತ್ತಿರಲಿಲ್ಲ. ಇದನ್ನು ಅತ್ತೆಗೆ ಹೇಳಿ ಕಾಲು ಹಿಡಿಯಬೇಕು ಅನ್ನಿಸಿತು. ಆಗಲೇ ಅವರನ್ನು ಮಣ್ಣಿಗೆ ಕೊಟ್ಟು ಬಂದಿದ್ದೆವು.