ವಠಾರಕ್ಕೆ ದಡಾರ ಬಂದ ವರ್ಷ

ಮಂಡ್ಯದಲ್ಲಿ ನಾವು ಬಾಡಿಗೆಗಿದ್ದ ವಠಾರದಲ್ಲಿ ಮನೆ ಮನೆಯ ನಡುವಿನ ಗೋಡೆ ಹೆಂಚಿನವರೆಗೆ ಮುಟ್ಟುತ್ತಿರಲಿಲ್ಲ. ಮೇಲೆ ಮೊಳದಷ್ಟು ಸಂದು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಗಂಡ ಮೇಷ್ಟ್ರು. ನಾನು ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ.

ಆ ಪಕ್ಕದ ಮನೆಯವಳು ಕಿರುಗಾವಲಿನ ಆಚೆಯ ಒಂದು ಹಳ್ಳಿಯ ಒಕ್ಕಲು ಮನೆತನದವಳು. ಗಂಡ ಲಾರಿ ಓಡಿಸುತ್ತಿದ್ದ; ಮನೆಯಲ್ಲಿದ್ದುದಕ್ಕಿಂತ ದಾರಿಯಲ್ಲಿದ್ದುದೇ ಹೆಚ್ಚು. ಶಾಲೆಗೆ ಹೋಗುವ ಒಬ್ಬ ಮಗ, ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ ಒಬ್ಬಳು ಮಗಳು. ನನಗಿಂತ ದೊಡ್ಡವಳಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಹೊಸ ಊರಿನಲ್ಲಿ ನನಗೆ ಮಾತಿಗೆ ಸಿಕ್ಕವಳು ಅವಳೊಬ್ಬಳೇ.

ಆ ವರ್ಷ ಬೇಸಿಗೆ ಮುಗಿಯುವ ಮೊದಲೇ ಮಳೆ ಹಿಡಿಯಿತು. ಮೂಲೆ ಮನೆಯ ಹುಡುಗಿ ಮದ್ದೂರಿನ ಮದುವೆಯೊಂದರಿಂದ ಜ್ವರ ಹೊತ್ತುಕೊಂಡು ಬಂದಿದ್ದಳು. ಮೈಮೇಲೆ ಕೆಂಪು ಗಂಧೆ ಎದ್ದಿತು. ಅಮ್ಮ ಬಂದಿದ್ದಾಳೆ ಎಂದು ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಬೇರೆ ದಿನಗಳಾಗಿದ್ದರೆ ವಠಾರದ ಮಕ್ಕಳೆಲ್ಲ ಹಿಂದಿನ ಬಯಲಿನಲ್ಲಿ ಚದುರಿರುತ್ತಿದ್ದವು. ಜಡಿಮಳೆ ಅವನ್ನೆಲ್ಲ ನಡುವಿನ ಓಣಿಗೆ ತಂದು ಕೂಡಿಹಾಕಿತು. ಹಸಿ ಬಟ್ಟೆ, ಸೀಮೆಎಣ್ಣೆ ಹೊಗೆ, ಮುಚ್ಚಿದ ಕಿಟಕಿ. ಒಂದು ವಾರ ಕಳೆಯಿತು, ಇನ್ನೂ ಸ್ವಲ್ಪ ದಿನ ಕಳೆಯಿತು, ಒಂದಾದ ಮೇಲೊಂದು ಬಾಗಿಲಿಗೆ ಬೇವು ಬಂತು.

ಆಗಿನ್ನೂ ನಮ್ಮ ಕಡೆ ದಡಾರಕ್ಕೆ ಚುಚ್ಚುಮದ್ದು ಬಂದಿರಲಿಲ್ಲ. ಪಕ್ಕದವಳ ಮಕ್ಕಳಿಬ್ಬರೂ ಇನ್ನೂ ಚೆನ್ನಾಗಿದ್ದರು. ನಾವು ಬಸ್‌ಸ್ಟ್ಯಾಂಡಿನ ಹತ್ತಿರದ ಡಾಕ್ಟರ ಬಳಿ ಹೋದೆವು. ಇದು ಉಸಿರಿನಲ್ಲಿ ಹರಡುವ ರೋಗ, ಮಕ್ಕಳನ್ನು ಬೇರೆ ಕೋಣೆಯಲ್ಲಿ ಇಡಿ ಎಂದರು. ನಮಗಿರುವುದೇ ಒಂದು ಕೋಣೆ ಎಂದಳು ಅವಳು. ಹಾಗಾದರೆ ಹಳ್ಳಿಯಲ್ಲಿ ಯಾರಾದರೂ ಇದ್ದರೆ ಅಲ್ಲಿಗೆ ಕಳಿಸಿ ಎಂದರು ಡಾಕ್ಟರು.

ಮಾರನೆಯ ಬೆಳಗ್ಗೆಯೇ ಅವಳು ತವರಿಗೆ ಹೊರಟಳು. ನನಗೆ ಚಿಕ್ಕವಳಿದ್ದಾಗಲೇ ದಡಾರ ಆಗಿ ಹೋಗಿತ್ತು. ಹುಡುಗನನ್ನು ಹಿಡಿದುಕೊಳ್ಳಲು ನಾನೂ ಜೊತೆಗೆ ಹೋದೆ. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಕಿರುಗಾವಲಿನಲ್ಲಿ ಇಳಿದು, ಕೆಸರಿನಲ್ಲಿ ನಡೆದೆವು. ಊರಬಾಗಿಲಲ್ಲಿ ಒಂದು ಮೋರಿ. ಅದರಾಚೆ, ಹೊರಗಿನವರು ದಾಟಬಾರದೆಂದು, ರಸ್ತೆಗೆ ಅಡ್ಡಲಾಗಿ ಬೇವಿನ ತೋರಣ ಕಟ್ಟಿತ್ತು. ಮಂಡ್ಯದ ಸುದ್ದಿ ನಮಗಿಂತ ಮೊದಲು ಬಂದಿತ್ತು. ಯಾರೋ ಓಡಿಹೋಗಿ ಅವಳ ತಾಯಿಯನ್ನು ಕರೆತಂದರು.

"ಅಲ್ಲೇ ನಿಂತ್ಕೊಳವ್ವ," ಎಂದಳು ತಾಯಿ, ಮೋರಿಯ ಆಚೆಯಿಂದ.

"ಐಕ್ಳಿಗೆ ಏನೂ ಆಗಿಲ್ಲ ಕಣವ್ವ. ಬೇಕಾದ್ರೆ ಮೈ ಮುಟ್ಟಿ ನೋಡು."

"ಮುಟ್ಟುದ್ರೆ ನಾನೂ ಊರೊಳಕ್ಕೆ ಓಗಂಗಿಲ್ಲ. ನಿನ್ ತಮ್ಮನ ಎಂಡ್ರು ಮೊನ್ನೆ ಎತ್ತವ್ಳೆ. ಆ ಕೂಸ್ನ ಏನ್ ಮಾಡ್ಲಿ, ನೀನೇ ಯೋಳು."

ತಾಯಿ ರೊಟ್ಟಿಯ ಗಂಟನ್ನು ಮೋರಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಅಜ್ಜಿಯನ್ನು ಕಂಡ ಹುಡುಗ ಓಡಲು ನೋಡಿದ. ನಾನು ಅವನ ರೆಟ್ಟೆ ಹಿಡಿದು ನಿಲ್ಲಿಸಿದೆ. ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ಆದರೆ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗ ನನ್ನ ತೊಡೆಯ ಮೇಲೆ ಮಲಗಿದ್ದ. ಮಂಡ್ಯ ಹತ್ತಿರ ಬರುವಾಗ ಅವನ ಮೈ ಕಾದಿದ್ದು ಸೀರೆಯ ಮೇಲಿಂದಲೇ ತಿಳಿಯಿತು. ಅವಳ ಕಡೆ ನೋಡಿದೆ. ಅವಳಿಗೂ ಗೊತ್ತಾಗಿತ್ತು. ಸುತ್ತ ನಿಂತಿದ್ದವರ ಮಕ್ಕಳನ್ನು ನೋಡಿ, ಹುಡುಗನ ಮುಖದ ಮೇಲೆ ತನ್ನ ಸೆರಗು ಹೊದಿಸಿದಳು.

ಅವನಿಗೆ ಗಂಧೆ ಎದ್ದು ಇಳಿಯಿತು, ಒಂದು ಕಣ್ಣಿಗೆ ಬಿಳಿ ಪೊರೆ ಬಿಟ್ಟು ಹೋಯಿತು. ಮಗುವಿಗೆ ಆಮೇಲೆ ಬಂತು. ಗಂಧೆ ಮಾಸುವ ಹೊತ್ತಿಗೆ ಉಸಿರಾಡಲು ಒದ್ದಾಡತೊಡಗಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿಯೂ ಒಂದೊಂದು ಮಂಚದ ಮೇಲೆ ಎರಡು ಮೂರು ಮಕ್ಕಳು, ಮಂಚದ ಕೆಳಗೆ ತಾಯಂದಿರು. ಒಂದು ಮಧ್ಯಾಹ್ನ, ಮಳೆ ಬಿಟ್ಟು ಬಿಸಿಲು ಬಂದಿದ್ದಾಗ, ಮಗು ತೀರಿಕೊಂಡಿತು. ಅವಳ ಗಂಡ ಬರುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.

ಅವಳ ತವರೂರಿನಲ್ಲಿ ಒಂದು ಮಗುವಿಗೂ ಏನೂ ಆಗಲಿಲ್ಲ ಎಂಬ ಸುದ್ದಿ ಬಂತು. ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಅವಳಿಗೆ ತಿಳಿದಿತ್ತು. ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿ ಹೇಳಿದಳು: "ಅವ್ವ ಮಾಡಿದ್ದು ಸರಿನೇ ಕಣಕ್ಕ. ಅದ್ಕೇ ಅವಳ ಮ್ಯಾಲೆ ಸಿಟ್ಟು ಮಾಡ್ಕಳಕ್ಕೂ ಆಯ್ತಿಲ್ಲ."

ನಾನು ಪಕ್ಕದಲ್ಲಿ ಕುಳಿತು ಅವಳ ಮೊರದಲ್ಲಿದ್ದ ಅಕ್ಕಿ ಆರಿಸತೊಡಗಿದೆ.

ಗೌರಿಹಬ್ಬಕ್ಕೆ ಮೊದಲು ಅವರು ಮನೆ ಖಾಲಿ ಮಾಡಿ ಹೋದರು. ಮಾಲೀಕರು ಸುಣ್ಣ ಹೊಡೆಸಿದರು. ಸುಣ್ಣದ ವಾಸನೆ ಆರುವ ಮೊದಲೇ ಯಲಿಯೂರಿನ ಕಡೆಯ ಒಂದು ಸಂಸಾರ ಬಂತು, ಗಾಡಿಯ ತುಂಬ ಮಕ್ಕಳು. ಆ ಹೆಂಗಸಿಗೆ ನಾನು ನಡೆದುದನ್ನೆಲ್ಲ ಹೇಳಿದೆ, ಬೇರೆ ಕಡೆ ನೋಡಿ ಎಂದೂ ಹೇಳಿದೆ. ಕೈಯಲ್ಲಿದ್ದ ಕೊಡ ಇಳಿಸದೆ ಪೂರ್ತಿ ಕೇಳಿಸಿಕೊಂಡಳು.

"ಇನ್ನೆಲ್ಲಿಗೆ ಓಗಾನಕ್ಕ," ಎಂದು, ಮಕ್ಕಳನ್ನು ಒಳಗೆ ಕರೆದಳು.