ಫೋಟೋದಲ್ಲಿ ಉಳಿದ ಕೈ

ಸಂಘಮಿತ್ರಾಳ ಕೆಲಸ ಏನೆಂದು ಕಂಪ್ಲಿಯಲ್ಲಿರುವ ಅವಳ ತಾಯಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆ "ಮ್ಯೂಸಿಯಮ್ಮಿನಾಗ ಬರಿಯೋ ಕೆಲಸ ಮಾಡ್ತಾಳ" ಎಂದು ಹೇಳಿ ಮುಗಿಸುತ್ತಾಳೆ. ಅದು ಸುಳ್ಳೇನೂ ಅಲ್ಲ. ಹೊಸಪೇಟೆಯ ಕಾಲುವೆ ದಂಡೆಯಲ್ಲಿ, ಹಳೆಯ ಬೆಲ್ಲದ ಗೋದಾಮೊಂದರಲ್ಲಿ, ದುಡಿಮೆಯ ವಸ್ತುಗಳ ಸಂಗ್ರಹಾಲಯವಿದೆ. ಕಬ್ಬಿನ ಗಾಣ, ಕಂಬಳಿ ಮಗ್ಗ, ಸಂಡೂರಿನ ಗಣಿಯಲ್ಲಿ ಹೆಂಗಸರು ಅದಿರು ಹೊತ್ತ ಬುಟ್ಟಿ. ಹೊಸಪೇಟೆಯಲ್ಲಿ ಇಳಿದ ಪ್ರವಾಸಿಗಳು ನೇರ ಹಂಪಿಗೆ ಹೋಗುತ್ತಾರೆಯೇ ಹೊರತು ಬುಟ್ಟಿ ನೋಡಲು ಯಾರೂ ಬರುವುದಿಲ್ಲ. ಟಿಕೆಟ್ಟಿನಿಂದ ಬರುವುದು ಕಸ ಗುಡಿಸುವವಳ ಸಂಬಳಕ್ಕೂ ಸಾಲದು. ಹಾಗಾಗಿ ಆ ಸಂಗ್ರಹಾಲಯದ ಬಾಗಿಲು ತೆರೆದಿರುವುದು ಸಂಘಮಿತ್ರಾ ಬರೆಯುವ ಅರ್ಜಿಗಳಿಂದ. ಬೆಂಗಳೂರು, ದೆಹಲಿಯ ಪ್ರತಿಷ್ಠಾನಗಳಿಗೆ, ಗಣಿ ಕಂಪನಿಗಳ ಸಮಾಜಸೇವೆಯ ವಿಭಾಗಗಳಿಗೆ ಅವಳು ವರ್ಷವಿಡೀ ಬರೆಯುತ್ತಾಳೆ: ನಮ್ಮಲ್ಲಿ ಇಂಥದ್ದೊಂದಿದೆ, ಇದು ಉಳಿಯಬೇಕು, ಅನುದಾನ ಕೊಡಿ.

ಅವಳು ಈ ಕೆಲಸಕ್ಕೆ ಸೇರಿದ್ದಕ್ಕೂ ಒಂದು ಕಾರಣವಿತ್ತು. ನದಿಯ ತೆಪ್ಪಗಳಿಗೆ, ಅಂದರೆ ಬುಟ್ಟಿಯಂಥ ಹರಿಗೋಲುಗಳಿಗೆ, ಚರ್ಮ ಹೊದಿಸುತ್ತಿದ್ದ ಕಾಲದಲ್ಲಿ ಆ ಚರ್ಮ ಹದಮಾಡಿ ಕೊಡುತ್ತಿದ್ದವನು ಅವಳ ಮುತ್ತಜ್ಜ. ಅವನ ಹೆಸರೇನೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ, ಎಲ್ಲೂ ಬರೆದಿಟ್ಟವರಿಲ್ಲ. ಇನ್ನು ಮುಂದೆ ಹಾಗಾಗಬಾರದು, ದುಡಿದವರ ಹೆಸರು ಗೋಡೆಯ ಮೇಲೆ ಬರಬೇಕು ಎಂದು ಸಂದರ್ಶನದಲ್ಲಿ ಹೇಳುವಾಗ ಅವಳ ಕಣ್ಣು ತುಂಬಿದ್ದವು. ಅದೇ ಬಾಯಿ, ಅದೇ ಕೈ. ಮುಂದೆ ಏನು ಮಾಡಿದವು ನೋಡಿ.

ಮೊದಲ ವರ್ಷ ಅವಳು ಇದ್ದದ್ದನ್ನು ಇದ್ದಹಾಗೇ ಬರೆದಳು. ಒಂದರ ಹಿಂದೊಂದು ವಿಷಾದದ ಪತ್ರಗಳು ಬಂದವು. ಸಂಗ್ರಹಾಲಯದ ನಿರ್ದೇಶಕ ವಿರುಪಾಕ್ಷಪ್ಪನವರು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಒಂದು ದಿನ ಅವರು ಅರ್ಜಿಯ ಏಳನೇ ಪ್ರಶ್ನೆಯ ಮೇಲೆ ಬೆರಳಿಟ್ಟರು. 'ಈ ಕೆಲಸ ಈಗಲೇ ಏಕೆ ಆಗಬೇಕು?' ಎಂಬುದು ಆ ಪ್ರಶ್ನೆ.

"ನೋಡ್ರಿ ಸಂಘಮಿತ್ರಾ, ಚಂದಾಗಿ ನಡಿಯೋದಕ್ಕ ಯಾರೂ ಕೊಡಂಗಿಲ್ಲ. ಸಾಯಾಕತ್ತೈತಿ ಅಂದ್ರ ಓಡಿ ಬಂದು ಕೊಡ್ತಾರ."

ಆ ವಾರ ಅವಳು ಚೋರನೂರಿನ ಕಂಬಳಿ ನೇಕಾರ ಜಂಬಯ್ಯನ ಹೆಸರಿನ ಹಿಂದೆ 'ಕೊನೆಯ' ಎಂಬ ಒಂದೇ ಒಂದು ಪದ ಸೇರಿಸಿದಳು. ಅನುದಾನ ಬಂದೇಬಿಟ್ಟಿತು. ಜಂಬಯ್ಯನ ಹಿಂದಿನ ಓಣಿಯಲ್ಲಿ ಇನ್ನೂ ಎರಡು ಮಗ್ಗ ಲಟಲಟ ಎನ್ನುತ್ತಿದ್ದವು. ಆದರೆ ಅರ್ಜಿ ಓದುವವರಿಗೆ ಮಗ್ಗದ ಸದ್ದು ಕೇಳುವುದಿಲ್ಲವಲ್ಲ! ರುಚಿ ಹತ್ತಿತು. ಮೂರು ವರ್ಷದಲ್ಲಿ ಈ ಸೀಮೆಯ ಐದು ಮಂದಿ ಅವಳ ಕೈಯಲ್ಲಿ 'ಕೊನೆಯವರು' ಆಗಿಹೋದರು. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು ಕಾಗದದ ಮೇಲೆ ಒಬ್ಬೊಬ್ಬರಾಗಿ ಅಳಿವಿನಂಚಿಗೆ ಬಂದರು.

ಐದನೆಯವನು ಕಂಪ್ಲಿ ಕೋಟೆಯ ಎರ್ರೆಪ್ಪ. ಬಿದಿರಿನ ದಬ್ಬೆಗಳಿಂದ ತೆಪ್ಪ ಹೆಣೆಯುವವನು. ಅವನ ತಮ್ಮ ಗಾದಿಲಿಂಗನೂ ಹೆಣೆಯುವವನೇ. ಇದು ಸಂಘಮಿತ್ರಾಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವಳು ಪದವಿಗೆ ಸೇರಬೇಕಿದ್ದ ವರ್ಷ ಜಲಾಶಯದಿಂದ ನೀರು ಬಿಟ್ಟು ಸೇತುವೆ ಮುಳುಗಿತ್ತು. ಆಚೆ ಗಂಗಾವತಿಯ ಕಾಲೇಜಿನಲ್ಲಿ ಅರ್ಜಿಗೆ ಅದೇ ಕೊನೇ ದಿನ. ನೀರು ಇಳಿಯುತ್ತಿದ್ದರೂ ಸೇತುವೆ ಇನ್ನೂ ಬಂದ್ ಆಗಿತ್ತು. ದಂಡೆಯಲ್ಲಿ ಅಳುತ್ತ ನಿಂತವಳನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೊಳೆ ದಾಟಿಸಿದವನು ಇದೇ ಗಾದಿಲಿಂಗ. ದುಡ್ಡು ಕೊಡಲು ಹೋದರೆ "ಓದಿ ದೊಡ್ಡಾಕಿ ಆಗು, ಆಮ್ಯಾಲ ಕೊಡುವಂತಿ" ಎಂದು ನಕ್ಕಿದ್ದ.

ಫೋಟೋ ತೆಗೆದ ದಿನ ಅಣ್ಣ ತಮ್ಮ ಇಬ್ಬರೂ ತೆಪ್ಪದ ಎರಡು ಬದಿ ಕೂತಿದ್ದರು. ಕೊನೆಯವನು ಎಂದ ಮೇಲೆ ಇಬ್ಬರಿದ್ದರೆ ಹೇಗೆ? ಕಂಪ್ಯೂಟರಿನಲ್ಲಿ ಸಂಘಮಿತ್ರಾ ಗಾದಿಲಿಂಗನನ್ನು ಕತ್ತರಿಸಿದಳು. ಎಷ್ಟು ನಾಜೂಕಾಗಿ ಕತ್ತರಿಸಿದರೂ ತೆಪ್ಪದ ಅಂಚು ಹಿಡಿದಿದ್ದ ಅವನ ಎಡಗೈ ಮೂಲೆಯಲ್ಲಿ ಉಳಿದುಬಿಟ್ಟಿತು. ಅದನ್ನೂ ತೆಗೆದರೆ ತೆಪ್ಪದ ಅರ್ಧವೇ ಹೋಗುತ್ತಿತ್ತು. ಇರಲಿ, ಯಾರು ನೋಡುತ್ತಾರೆ ಎಂದುಕೊಂಡಳು. 'ತುಂಗಭದ್ರೆಯ ಕೊನೆಯ ಹರಿಗೋಲು ಹೆಣೆಗಾರ' ಎಂಬ ಹೆಸರಿನಲ್ಲಿ ಪುಸ್ತಿಕೆ ಅಚ್ಚಾಯಿತು, ಸಂಗ್ರಹಾಲಯದ ಹೆಬ್ಬಾಗಿಲ ಪಕ್ಕ ಆಳೆತ್ತರದ ಫಲಕ ಬಂತು, ಅನುದಾನದ ಮೊದಲ ಭಾಗವೂ ಬಂತು. ಉಳಿದ ಭಾಗ ಕೊಡುವ ಮೊದಲು ಪ್ರತಿಷ್ಠಾನದ ಅಧಿಕಾರಿ ಶೈಲಜಾ ಬೆಂಗಳೂರಿನಿಂದ ಬಂದು ಎರ್ರೆಪ್ಪ ಹೆಣೆಯುವುದನ್ನು ಕಣ್ಣಾರೆ ನೋಡಬೇಕೆಂದರು. ಶುಕ್ರವಾರ ಎಂದು ಗೊತ್ತಾಯಿತು. ಆ ಹಣ ತಪ್ಪಿದರೆ ಸಂಗ್ರಹಾಲಯಕ್ಕೆ ಬೀಗ ಬೀಳುವುದು ಖಂಡಿತವಿತ್ತು.

ಮಂಗಳವಾರ ಸಂಘಮಿತ್ರಾ ಬಸ್ಸು ಹತ್ತಿ ಕಂಪ್ಲಿಗೆ ಹೋದಳು. ಎರ್ರೆಪ್ಪನ ಮನೆಯ ಮುಂದೆ ಅರ್ಧ ಹೆಣೆದ ತೆಪ್ಪವೊಂದು ಕಲ್ಲು ಹೇರಿಸಿಕೊಂಡು ಬಿದ್ದಿತ್ತು. ದಬ್ಬೆಗಳು ಒಣಗಿ ಬೆಳ್ಳಗಾಗಿದ್ದವು. ಅವನ ಹೆಂಡತಿ ಹಂಪಕ್ಕ ಪಕ್ಕದ ಮನೆಯವರ ಹಳೆಯ ತೆಪ್ಪಕ್ಕೆ ನೀರು ಸೋರದಂತೆ ಬಳಿಯಲು ಡಬ್ಬಿಯಲ್ಲಿ ಡಾಂಬರು ಕಾಯಿಸುತ್ತಿದ್ದಳು. ಹೊಗೆಯ ನಡುವಿನಿಂದಲೇ "ಬಾರವ್ವ, ಕುಂದ್ರು" ಎಂದಳು.

ಶುಕ್ರವಾರದ ಮಾತು ಕೇಳಿ ಎರ್ರೆಪ್ಪ ತಲೆ ತಗ್ಗಿಸಿದ. "ನಾ ಒಬ್ಬಾವ ಹೆಂಗ ಕಟ್ಲವ್ವ? ಒಬ್ಬ ಒಳಗ ಕುಂತು ಭಾರ ಹಾಕಬೇಕು, ಒಬ್ಬ ಹೊರಗಿಂದ ದಬ್ಬಿ ಬಗ್ಗಿಸಿ ಬಿಗೀಬೇಕು. ಅದು ಇಬ್ಬರ ಕೆಲಸ."

"ಗಾದಿಲಿಂಗ ಕಾಕಾ ಎಲ್ಲಿ?"

"ಅವ ನನ್ನ ಕೂಡ ಮಾತು ಬಿಟ್ಟು ನಾಕು ತಿಂಗಳಾತು." ಎರ್ರೆಪ್ಪ ಒಳಗೆ ಹೋಗಿ ಪುಸ್ತಿಕೆ ತಂದ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ. "ಹೆಸರು ಬರ್ಲಿ ಅಂತ ನಾನಾ ಹಂಗ ಹೇಳೀನಿ ಅಂತಾನ. 'ನಾ ಸತ್ತೀನೇನು, ನೀ ಹೆಂಗ ಕೊನೆಯಾವ ಆದಿ' ಅಂತಾನ. ನಾ ಹಂಗ ಅಂದಿಲ್ಲ ಅಂತ ಎಷ್ಟು ಹೇಳಿದ್ರೂ ನಂಬವಲ್ಲ. ಆದ್ರೂ ದೊಡ್ಡ ಆಫೀಸಿನವ್ರು ಸುಮ್ಸುಮ್ನ ಬರೀತಾರೇನು? ಅವತ್ತು ನೀ ಕೇಳಿದಾಗ ನಾ ಏನರ ತಪ್ಪು ಹೇಳಿದ್ನೇನವ್ವ? ನೆನಪು ಮಾಡ್ಕೊಂಡು ಮಾಡ್ಕೊಂಡು ಸಾಕಾಗೇತಿ."

ಸಂಘಮಿತ್ರಾಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬರೆದ ಸುಳ್ಳನ್ನು ನಂಬಿ, ತನ್ನದೇ ತಪ್ಪು ಎಲ್ಲಿದೆ ಎಂದು ಈ ಮನುಷ್ಯ ನಾಲ್ಕು ತಿಂಗಳಿಂದ ಹುಡುಕುತ್ತಿದ್ದ. ಆಗಲಾದರೂ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. ಮುಖ ಉಳಿಸಿಕೊಳ್ಳುವ ಆಸೆ ಎಂಥದ್ದು ನೋಡಿ, ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು.

"ನೀವೇನೂ ತಪ್ಪು ಹೇಳಿಲ್ಲ ಕಾಕಾ. ಅದು... ಅದು ಪ್ರೆಸ್ಸಿನವ್ರ ತಪ್ಪು. ಪ್ರಿಂಟಿಂಗ್ ಮಿಸ್ಟೇಕ್."

ಎರ್ರೆಪ್ಪನ ಮುಖ ಅರಳಿತು. ಎದೆಯ ಮೇಲಿನ ಬಂಡೆ ಇಳಿಸಿದವನಂತೆ ಉಸಿರು ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಎರಡು ಮನೆ ಆಚೆ ಇದ್ದ ತಮ್ಮನ ಬಾಗಿಲಿಗೆ ಓಡಿದ. "ಲೇ ಗಾದಿ! ಬಾರಲೇ ಹೊರಗ! ಪ್ರೆಸ್ಸಿನವ್ರು ತಪ್ಪು ಹಾಕ್ಯಾರಂತ! ಆ ಹುಡುಗಿನಾ ಬಂದು ಹೇಳಾಕತ್ತಾಳ!"

ಗಾದಿಲಿಂಗ ನಿಧಾನವಾಗಿ ಬಂದ. ಅವನ ಹತ್ತಿರವೂ ಒಂದು ಪುಸ್ತಿಕೆಯಿತ್ತು, ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಬಿಚ್ಚಿ ಸಂಘಮಿತ್ರಾಳ ಮುಂದೆ ಹಿಡಿದ. ಮೂಲೆಯಲ್ಲಿ ಅದೇ ಎಡಗೈ. ದಬ್ಬೆ ಸೀಳುವಾಗ ಮಚ್ಚು ತಾಗಿ ತೋರುಬೆರಳಿನ ತುದಿ ಹೋದ ಕೈ ಅದು. ಕಂಪ್ಲಿ ಕೋಟೆಯಲ್ಲಿ ಅದು ಯಾರ ಕೈಯೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಪುಸ್ತಿಕೆಯ ಪಕ್ಕಕ್ಕೆ ಗಾದಿಲಿಂಗ ತನ್ನ ಕೈಯನ್ನೂ ಹಿಡಿದ.

"ಅಕ್ಷರಾನ ಪ್ರೆಸ್ಸಿನವ್ರು ತಪ್ಪು ಹಾಕಿರಬಹುದು. ಈ ಫೋಟೋ ಕತ್ತರಿಸಿದವ್ರು ಯಾರವ್ವ?"

ಹಂಪಕ್ಕ ಡಾಂಬರು ಕಲಕುವುದನ್ನು ನಿಲ್ಲಿಸಿದಳು. ಎರ್ರೆಪ್ಪ ತಮ್ಮನನ್ನೂ ಸಂಘಮಿತ್ರಾಳನ್ನೂ ಬದಲಿಸಿ ಬದಲಿಸಿ ನೋಡಿದ.

"ನಾನು," ಎಂದಳು ಸಂಘಮಿತ್ರಾ. "ಕೊನೆಯವರು ಅಂತ ಬರೆದದ್ದೂ ನಾನೇ. ಎರ್ರೆಪ್ಪ ಕಾಕಾ ಹಂಗ ಹೇಳಿರಲಿಲ್ಲ. ಹಂಗ ಬರೆದ್ರ ಅನುದಾನ ಸಿಗ್ತದ ಅಂತ ಬರೆದೆ."

"ನನ್ನ ತೆಪ್ಪದಾಗ ಕುಂತು ಹೊಳಿ ದಾಟಿದಾಕಿ ನೀನು. ಮರ್ತಿರಬೇಕು ಅಂದ್ಕೊಂಡಿದ್ದೆ."

ಹೌದು, ಮರೆತಿದ್ದೆ ಎಂದುಬಿಟ್ಟಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. "ಮರೆತಿರಲಿಲ್ಲ ಕಾಕಾ," ಎಂದಳು.

ಗಾದಿಲಿಂಗ ಬೈಯಲಿಲ್ಲ. ಪುಸ್ತಿಕೆಯನ್ನು ಮತ್ತೆ ನಾಲ್ಕಾಗಿ ಮಡಿಸಿದ. ಅಣ್ಣನ ಕಡೆ ತಿರುಗಿ "ದಬ್ಬಿ ನೀರಾಗ ನೆನೆ ಹಾಕು, ಹಿಂಗ ಒಣಗಿದ್ರ ಮುರೀತಾವ" ಎಂದ. ನಾಲ್ಕು ತಿಂಗಳ ಮೇಲೆ ಅದೇ ಅವರ ಮೊದಲ ಮಾತು. ಎರ್ರೆಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ಕೊಡ ತರಲು ಹೋದ.

ಗುರುವಾರ ಸಂಘಮಿತ್ರಾ ವಿರುಪಾಕ್ಷಪ್ಪನವರಿಗೆ ಎಲ್ಲವನ್ನೂ ಹೇಳಿ, ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಳ್ಳೋಣ ಎಂದಳು. ಅವರು ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. "ಹಣ ಬರ್ಲಿ. ಆಮ್ಯಾಲ ತಿದ್ದೋಣಂತ. ಬಾಗಿಲಾ ಮುಚ್ಚಿದ್ರ ಆ ಗಾದಿಲಿಂಗನ ಹೆಸರು ಎಲ್ಲಿ ಹಾಕ್ತೀರಿ?" ಎಂದರು. ಅವಳು ತಲೆಯಾಡಿಸಿ ಹೊರಬಂದಳು. ನಾಳೆ ಬಾಯಿ ಬಿಡಬೇಕಾಗಿಲ್ಲವೆಂದು ಒಳಗೊಳಗೆ ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ಮತ್ತೆ ನಾಚಿಕೆಯೂ ಆಯಿತು.

ಶುಕ್ರವಾರ ಸಂಗ್ರಹಾಲಯದ ಅಂಗಳದಲ್ಲಿ ಕೆಲಸ ನಡೆಯಿತು. ಎರ್ರೆಪ್ಪ ಒಳಗೆ ಕೂತು ಭಾರ ಹಾಕಿದ, ಗಾದಿಲಿಂಗ ಸುತ್ತ ನಡೆಯುತ್ತ ದಬ್ಬೆ ಬಗ್ಗಿಸಿ ಅಂಚು ಬಿಗಿದ. ಒಬ್ಬ ಕೈ ಚಾಚುವುದರೊಳಗೆ ಇನ್ನೊಬ್ಬ ಹಗ್ಗ ಕೊಡುತ್ತಿದ್ದ. ಅಂಗಳದ ತುದಿಯಲ್ಲಿ ಹಂಪಕ್ಕ ಡಾಂಬರಿಗೆ ಒಲೆ ಹೂಡಿದ್ದಳು. ಶೈಲಜಾ ಸೌಮ್ಯ ಸ್ವಭಾವದ ಹೆಂಗಸು. ನೆಲದ ಮೇಲೇ ಕೂತು ಬಹಳ ಹೊತ್ತು ನೋಡಿ, ಕೊನೆಗೆ ಗಾದಿಲಿಂಗನತ್ತ ಪೆನ್ನು ತೋರಿಸಿ ಕೇಳಿದರು: "ಇವರು ಯಾರು?"

ವಿರುಪಾಕ್ಷಪ್ಪ ಕೆಮ್ಮಿದರು. ಸಂಘಮಿತ್ರಾ ಆ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಳು. ಗಾದಿಲಿಂಗ ಒಮ್ಮೆ ಅವಳ ಮುಖ ನೋಡಿದ. ಹಿಂದೆ ಹೊಳೆ ದಂಡೆಯಲ್ಲಿ ಅಳುತ್ತ ನಿಂತಾಗ ನೋಡಿದ್ದನಲ್ಲ, ಅದೇ ಮುಖ.

"ನಾ ಕಲಿಯಾಕ ಬಂದಾವ ಮೇಡಮ್ಮಾರ," ಎಂದ. "ಇವ್ರ ಕೈಕೆಳಗ ಕಲಿಯಾಕತ್ತೀನಿ."

"ಓಹ್, ಎಷ್ಟು ಸಂತೋಷ! ಹಾಗಾದರೆ ಈ ಕಲೆ ಮುಂದುವರಿಯುತ್ತದೆ!" ಶೈಲಜಾ ಉತ್ಸಾಹದಿಂದ ಬರೆದುಕೊಂಡರು. "ಕಲಿಯೋಕೆ ಶುರು ಮಾಡಿ ಎಷ್ಟು ದಿನ ಆಯ್ತು?"

ಗಾದಿಲಿಂಗ ಹಗ್ಗ ಜಗ್ಗುತ್ತಲೇ ಹೇಳಿದ. "ಈಗ ನಾಕು ತಿಂಗಳಾತ್ರಿ."

ನಾಲ್ಕು ತಿಂಗಳು. ಪುಸ್ತಿಕೆ ಅಚ್ಚಾಗಿ ಸರಿಯಾಗಿ ನಾಲ್ಕು ತಿಂಗಳು. ಸಂಘಮಿತ್ರಾ ಮುಂದೆ ಬಂದಳು. "ಮೂವತ್ತೈದು ವರ್ಷ ಮೇಡಂ," ಎಂದಳು. ಅಳು ಬಂದರೂ ನಿಲ್ಲಿಸದೆ ಎಲ್ಲ ಹೇಳಿದಳು. ಇವರು ಎರ್ರೆಪ್ಪನವರ ತಮ್ಮ, ಇವರಿಬ್ಬರಲ್ಲದೆ ಹೊಳೆಗುಂಟ ಹೆಣೆಯುವವರು ಇನ್ನೂ ಇದ್ದಾರೆ, ಫಲಕದ ಫೋಟೋದಲ್ಲಿ ಕಾಣುವುದು ಇವರದೇ ಕೈ, ಕತ್ತರಿಸಿದವಳು ನಾನು, ಚೋರನೂರಿನ ಜಂಬಯ್ಯನೂ ಕೊನೆಯವನಲ್ಲ.

ಶೈಲಜಾ ತಾವು ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. "ನೀವು ಬರೆದದ್ದನ್ನೆಲ್ಲ ನಾನು ನಂಬಿದ್ದೆ ಸಂಘಮಿತ್ರಾ," ಎಂದರು, ಅಷ್ಟೇ. ಎಲ್ಲ ಅರ್ಜಿಗಳನ್ನೂ ತಿದ್ದಿ ಕಳಿಸಿ, ಆಮೇಲೆ ನೋಡೋಣ ಎಂದು ಎದ್ದರು. ಹೋಗುವ ಮುನ್ನ ಹೊಸ ಫಲಕಕ್ಕೆಂದು ಅಣ್ಣತಮ್ಮಂದಿರ ಫೋಟೋ ತೆಗೆಯಲು ಅವರೇ ಹೇಳಿದರು. ಈ ಸಲ ಯಾವ ಊನವೂ ಇರಬಾರದೆಂದು ಸಂಘಮಿತ್ರಾ ಕ್ಯಾಮೆರಾ ಹಿಡಿದು ಹಿಂದೆ ಮುಂದೆ ಸರಿದಳು. ಗಾಳಿ ತಿರುಗಿ ಡಾಂಬರಿನ ಹೊಗೆ ಅಡ್ಡ ಬಂತು. "ಚಿಗವ್ವ, ಸ್ವಲ್ಪ ಆ ಕಡಿ ಸರಿರಿ, ಹೊಗಿ ಬರಾಕತ್ತೈತಿ" ಎಂದಳು. ಹಂಪಕ್ಕ ಡಬ್ಬಿ ಎತ್ತಿಕೊಂಡು ಸರಿದಳು.

ಅನುದಾನದ ಉಳಿದ ಭಾಗ ಬರಲು ಏಳು ತಿಂಗಳು ಹಿಡಿಯಿತು, ಅದೂ ಅರ್ಧಕ್ಕರ್ಧ ಬಂತು; ಬಾಗಿಲು ಹೇಗೋ ಮುಚ್ಚದೆ ಉಳಿಯಿತು. ಅಷ್ಟರೊಳಗೆ ಸಂಘಮಿತ್ರಾ ಐದೂ ಮನೆಗಳಿಗೆ ಹೋಗಿ ಐದು ಸಲ ತಲೆ ತಗ್ಗಿಸಿ ಬಂದಿದ್ದಳು. ಹೊಸ ಫಲಕದಲ್ಲಿ 'ಕೊನೆಯ' ಎಂಬ ಪದ ಇರಲಿಲ್ಲ. ಅದನ್ನು ತೋರಿಸಲು ಅವಳೇ ಮೂವರನ್ನೂ ಕಂಪ್ಲಿಯಿಂದ ಕರೆಸಿದಳು.

ಗಾದಿಲಿಂಗ ಫಲಕದ ಮುಂದೆ ನಿಂತು ತನ್ನನ್ನು ತಾನು ಮೇಲಿಂದ ಕೆಳಗೆ ನೋಡಿಕೊಂಡ. ಎರಡೂ ಕೈ ಇದ್ದವು. ಮೀಸೆಯಡಿಯಲ್ಲಿ ನಗುತ್ತ ಕೇಳಿದ. "ಭಾಳ ಚಲೋ ಬಂದೈತಿ. ಈ ಸಲ ಯಾರನ್ನ ಕತ್ತರಿಸಿದಿ ಹೇಳವ್ವ?"

ಎಲ್ಲರೂ ನಕ್ಕರು. ಸಂಘಮಿತ್ರಾಳೂ ನಕ್ಕಳು, ಎಷ್ಟೋ ತಿಂಗಳ ಮೇಲೆ. ಹಂಪಕ್ಕ ಮಾತ್ರ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಫಲಕದ ಈ ಮೂಲೆಯಿಂದ ಆ ಮೂಲೆಯವರೆಗೆ ನಿಧಾನವಾಗಿ ನೋಡುತ್ತಿದ್ದಳು. ಅವಳ ಉಗುರುಗಳ ಸಂದಿಯಲ್ಲಿ ಡಾಂಬರು ಕಪ್ಪಾಗಿ ಕೂತಿತ್ತು.

"ನನ್ನ ಹೊಗಿನೂ ಬಂದಿಲ್ಲ ನೋಡವ್ವ," ಎಂದಳು.